ಬೆಂಡರ್ ಹೇಳಿದ್ದು ತಪ್ಪಾದರೆ ಅವರನ್ನು ಯಾಕೆ ಓದಬೇಕು?

ಪ್ರಶ್ನೆ: ನಾನು ಧಾರವಾಡದಲ್ಲಿ ಇತಿಹಾಸ ಎಂಎ ಓದುತ್ತಿದ್ದೇನೆ. ಸೆಮಿನಾರ್ ಪ್ರಬಂಧಕ್ಕೆ ಯುರೋಪಿನ ಅನಾಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಚಳವಳಿಯನ್ನು ಆರಿಸಿಕೊಂಡೆ. ಎಲ್ಲಿ ನೋಡಿದರೂ ಹೆರಾಲ್ಡ್ ಬೆಂಡರ್ ಎಂಬ ಅಮೆರಿಕದ ಇತಿಹಾಸಕಾರರ ಹೆಸರು ಬರುತ್ತದೆ. ಮೊದಲ ಪುಟದಲ್ಲಿ ಹೊಗಳುತ್ತಾರೆ, ಎರಡನೇ ಪುಟದಲ್ಲಿ ಅವರ ವಾದ ನಿಲ್ಲುವುದಿಲ್ಲ ಅನ್ನುತ್ತಾರೆ. ಅವರು ಅದೇ ಪಂಥಕ್ಕೆ ಸೇರಿದವರಂತೆ. ಹಾಗಾದರೆ ಅವರು ಇತಿಹಾಸಕಾರರಾ, ಪ್ರಚಾರಕರಾ? ಜೀವನಪೂರ್ತಿ ಮಾಡಿದ ಕೆಲಸವೇ ತಪ್ಪು ಅಂತಾದರೆ ನಾನು ಅದನ್ನು ಓದುವುದರಲ್ಲಿ ಅರ್ಥ ಇದೆಯಾ?

ಉತ್ತರ: ಎರಡೂ ಆಗಿದ್ದರು. ಖಂಡಿತ ಓದಿ. ಇಷ್ಟಕ್ಕೇ ಬಿಟ್ಟರೆ ನಿಮ್ಮ ಗೈಡ್ ನನ್ನನ್ನು ಬೈಯುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೆಂಡರ್‌ಗಿಂತ ಮೊದಲು ಒಂದು ಸೌಟಿನ ಕಥೆ ಕೇಳಿ. 1525ರ ಜನವರಿ 21ರ ಸಂಜೆ ಜೂರಿಕ್‌ನಲ್ಲಿ ಫೆಲಿಕ್ಸ್ ಮಾಂಟ್ಸ್ ಎಂಬುವನ ತಾಯಿಯ ಮನೆಯಲ್ಲಿ ಒಂದಷ್ಟು ಜನ ಸೇರಿದ್ದರು. ಅಲ್ಲಿ ಕೊನ್ರಾಡ್ ಗ್ರೇಬೆಲ್ ಎಂಬ ಶ್ರೀಮಂತ ಮನೆತನದ ಹುಡುಗ ಜಾರ್ಜ್ ಬ್ಲೌರಾಕ್ ಎಂಬ ಮಾಜಿ ಪಾದ್ರಿಗೆ ದೀಕ್ಷಾಸ್ನಾನ ಕೊಟ್ಟ. ಬ್ಲೌರಾಕ್ ಉಳಿದವರಿಗೆ ಕೊಟ್ಟ. ಎಲ್ಲರಿಗೂ ಮಗುವಾಗಿದ್ದಾಗ ಒಮ್ಮೆ ಸ್ನಾನ ಆಗಿತ್ತು. ಅದು ಲೆಕ್ಕಕ್ಕಿಲ್ಲ, ತಿಳಿವಳಿಕೆ ಬಂದ ಮೇಲೆ ತಾನಾಗಿ ಕೇಳಿ ಪಡೆದದ್ದೇ ನಿಜವಾದ ದೀಕ್ಷಾಸ್ನಾನ ಅನ್ನುವುದು ಇವರ ವಾದ. ವಿರೋಧಿಗಳು ಅನಾಬ್ಯಾಪ್ಟಿಸ್ಟ್, ಅಂದರೆ ಮತ್ತೆ ಮುಳುಗಿಸುವವರು, ಎಂದು ಹೆಸರಿಟ್ಟರು. ಇವರು ಆ ಹೆಸರನ್ನು ಒಪ್ಪಲೇ ಇಲ್ಲ. ಮೊದಲನೆಯದೇ ಸ್ನಾನ ಅಲ್ಲದಿದ್ದರೆ ಇದು ಎರಡನೆಯದು ಹೇಗಾಗುತ್ತದೆ, ಅಲ್ವಾ?

ಅದೇ ವಾರ ಊರ ಪಕ್ಕದ ಸರೋವರದ ದಂಡೆಯಲ್ಲಿರುವ ಝೋಲಿಕೋನ್ ಎಂಬ ಹಳ್ಳಿಗೆ ಇದು ಹಬ್ಬಿತು. ಒಬ್ಬ ರೈತನ ಮನೆಯಲ್ಲಿ ಜನ ಸೇರಿ ಬೈಬಲ್ ಓದುತ್ತಿದ್ದರು. ಹಾನ್ಸ್ ಬ್ರುಗ್‌ಬಾಖ್ ಎಂಬುವನು ಎದ್ದು ನಿಂತು, ತಾನು ದೊಡ್ಡ ಪಾಪಿ ಎಂದು ಅಳತೊಡಗಿದ. ನಿನಗೆ ದೀಕ್ಷಾಸ್ನಾನ ಬೇಕಾ ಎಂದು ಬ್ಲೌರಾಕ್ ಕೇಳಿದ. ಬೇಕು ಅಂದ. ಇವನಿಗೆ ಸ್ನಾನ ಕೊಡದಂತೆ ನನ್ನನ್ನು ತಡೆಯುವವರು ಯಾರು ಎಂದು ಮಾಂಟ್ಸ್ ಕೇಳಿದ. ಯಾರೂ ಇಲ್ಲ ಎಂದ ಬ್ಲೌರಾಕ್. ಮಾಂಟ್ಸ್ ಅಡುಗೆಮನೆಯಲ್ಲಿ ನೀರು ತೋಡುವ ಸೌಟನ್ನು ತೆಗೆದುಕೊಂಡು ಅವನ ತಲೆಗೆ ನೀರು ಹಾಕಿದ. ಗುಡಿ ಇಲ್ಲ, ಪಾದ್ರಿಯ ನಿಲುವಂಗಿ ಇಲ್ಲ. ಒಂದು ಸೌಟು ನೀರು.

ಇದು ನಮಗೆ ಹೇಗೆ ಗೊತ್ತು? ಅಲ್ಲಿದ್ದವರು ಯಾರೂ ಡೈರಿ ಬರೆಯಲಿಲ್ಲ. ಸರ್ಕಾರ ಆ ರೈತರನ್ನು ಹಿಡಿದು ಒಬ್ಬೊಬ್ಬರನ್ನೇ ವಿಚಾರಣೆ ಮಾಡಿತು. ಯಾರು ಏನಂದರು, ಯಾರ ಕೈಯಲ್ಲಿ ಏನಿತ್ತು ಎಂದು ಗುಮಾಸ್ತ ಬರೆದುಕೊಂಡ. ಆ ಹಾಳೆಗಳು ಉಳಿದವು. ಅನಾಬ್ಯಾಪ್ಟಿಸ್ಟರ ಇತಿಹಾಸ ಬರೆಯುವವನ ಬದುಕೇ ಇದು. ಅವರನ್ನು ಮುಗಿಸಲು ಹೊರಟವರ ಕಡತದಲ್ಲೇ ಅವರನ್ನು ಹುಡುಕಬೇಕು. ಎರಡು ವರ್ಷದ ನಂತರ, 1527ರ ಜನವರಿ 5ರಂದು, ಸೌಟು ಹಿಡಿದಿದ್ದ ಮಾಂಟ್ಸ್‌ನನ್ನು ಜೂರಿಕ್ ಸರ್ಕಾರ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು. 1529ರಲ್ಲಿ ಸ್ಪೈಯರ್‌ನ ಸಾಮ್ರಾಜ್ಯ ಸಭೆ, ಮರುದೀಕ್ಷೆಗೆ ಮರಣದಂಡನೆ ಎಂದು ಇಡೀ ಜರ್ಮನ್ ಸಾಮ್ರಾಜ್ಯಕ್ಕೆ ಆಜ್ಞೆ ಹೊರಡಿಸಿತು.

ಮುಂದೆ ಇನ್ನೂ ಕೆಟ್ಟದ್ದಾಯಿತು. 1534ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ಪಟ್ಟಣವನ್ನು ಒಂದು ಅನಾಬ್ಯಾಪ್ಟಿಸ್ಟ್ ಗುಂಪು ವಶ ಮಾಡಿಕೊಂಡಿತು. ಲೈಡನ್‌ನ ಯಾನ್ ಎಂಬ ದರ್ಜಿ ರಾಜನಾದ, ಹಲವು ಹೆಂಡಿರನ್ನು ಕಟ್ಟಿಕೊಂಡ, ವಿರೋಧಿಸಿದವರ ತಲೆ ಕಡಿಸಿದ. 1535ರಲ್ಲಿ ಪಟ್ಟಣ ಬಿತ್ತು. ಅವನನ್ನೂ ಇನ್ನಿಬ್ಬರನ್ನೂ ಚಿತ್ರಹಿಂಸೆ ಕೊಟ್ಟು ಕೊಂದು, ಹೆಣಗಳನ್ನು ಕಬ್ಬಿಣದ ಪಂಜರದಲ್ಲಿಟ್ಟು ಸಂತ ಲ್ಯಾಂಬರ್ಟ್ ಚರ್ಚಿನ ಗೋಪುರಕ್ಕೆ ತೂಗುಹಾಕಿದರು. ಆ ಮೂರು ಪಂಜರ ಇವತ್ತಿಗೂ ಅಲ್ಲೇ ತೂಗುತ್ತಿವೆ.

ಮುನ್ನೂರು ವರ್ಷ ಯುರೋಪಿನಲ್ಲಿ ಅನಾಬ್ಯಾಪ್ಟಿಸ್ಟ್ ಅಂದರೆ ಆ ಪಂಜರವೇ. ಜೂರಿಕ್‌ನ ಪಾದ್ರಿ ಬುಲ್ಲಿಂಗರ್ 16ನೇ ಶತಮಾನದಲ್ಲೇ ಒಂದು ಕಥೆ ಕಟ್ಟಿದರು. ಈ ಪೀಡೆ ನಮ್ಮೂರಲ್ಲಿ ಹುಟ್ಟಿದ್ದಲ್ಲ, ದಂಗೆಕೋರ ಪಾದ್ರಿ, ಜರ್ಮನಿಯ ರೈತ ದಂಗೆಯ ಮುಂದಾಳು ಥಾಮಸ್ ಮ್ಯುನ್‌ಟ್ಸರ್‌ನಿಂದ ಸ್ಯಾಕ್ಸನಿಯಲ್ಲಿ ಶುರುವಾದದ್ದು ಅಂತ. ಊರಿನ ಹೆಸರು ಉಳಿಸಿಕೊಳ್ಳುವ ಉಪಾಯ. ಅದನ್ನೇ ಎಲ್ಲರೂ ನಕಲು ಮಾಡಿದರು. 19ನೇ ಶತಮಾನದಲ್ಲಿ ದಾಖಲೆ ಕೋಣೆಗಳ ಬಾಗಿಲು ತೆರೆದ ಮೇಲಷ್ಟೇ ಗಾಳಿ ಬದಲಾಯಿತು. ಅದರಲ್ಲಿ ನನಗೆ ಇಷ್ಟವಾದವರು ಆಸ್ಟ್ರಿಯಾದ ಯೋಸೆಫ್ ಫಾನ್ ಬೆಕ್. ಇತಿಹಾಸದ ಪ್ರೊಫೆಸರ್ ಅಲ್ಲ, ನ್ಯಾಯಾಧೀಶ. ಹುಟೆರೈಟ್ ಎಂಬ ಅನಾಬ್ಯಾಪ್ಟಿಸ್ಟ್ ಪಂಗಡದವರ ಕೈಬರಹದ ಪುಸ್ತಕಗಳನ್ನು 18ನೇ ಶತಮಾನದಲ್ಲಿ ಜೆಸ್ಯುಟ್ ಪಾದ್ರಿಗಳು ಮನೆಮನೆ ಹೊಕ್ಕು ಕಿತ್ತುಕೊಂಡಿದ್ದರು. ಕಿತ್ತುಕೊಂಡದ್ದರಿಂದಲೇ ಎಷ್ಟೋ ಪುಸ್ತಕ ಗ್ರಂಥಾಲಯಗಳಲ್ಲಿ ಉಳಿದವು. ಬೆಕ್ ಅವುಗಳ ನಕಲು ಮಾಡಿಸಿ, ಜೋಡಿಸಿ, 1883ರಲ್ಲಿ ದೊಡ್ಡ ಸಂಪುಟವೊಂದನ್ನು ತಂದರು.

ಈಗ ಬೆಂಡರ್.

ಹೆರಾಲ್ಡ್ ಬೆಂಡರ್ ಹುಟ್ಟಿದ್ದು 1897ರಲ್ಲಿ, ಅಮೆರಿಕದ ಇಂಡಿಯಾನಾದ ಎಲ್ಕ್‌ಹಾರ್ಟ್‌ನಲ್ಲಿ. ಮೆನೊನೈಟ್ ಮನೆತನ. ಮೆನೊನೈಟರು ಅಂದರೆ ಅನಾಬ್ಯಾಪ್ಟಿಸ್ಟರ ವಂಶದ ಮುಖ್ಯ ಕವಲು. ಮ್ಯೂನ್‌ಸ್ಟರ್ ರಾದ್ಧಾಂತದ ನಂತರ ಚದುರಿದವರನ್ನು ಒಟ್ಟು ಮಾಡಿದ ಡಚ್ ಪಾದ್ರಿ ಮೆನ್ನೊ ಸೀಮೊನ್ಸ್ ಹೆಸರಿನಿಂದ ಬಂದ ಹೆಸರು. ಕುದುರೆಗಾಡಿ ಓಡಿಸುವ ಆಮಿಶ್ ಜನರ ವಿಡಿಯೋ ನೋಡಿರುತ್ತೀರಿ, ಅವರು ಇದೇ ಮರದ ಇನ್ನೊಂದು ಕೊಂಬೆ, 1693ರಲ್ಲಿ ಬೇರೆಯಾದವರು. ಬೆಂಡರ್ ಅವರ ತಂದೆ ಮೆನೊನೈಟ್ ಮಿಷನ್ ಮಂಡಳಿಯ ಖಜಾಂಚಿ. ಈ ಮೆನೊನೈಟರೇ 1899ರಲ್ಲಿ, ಭೀಕರ ಬರದ ಬೆನ್ನಲ್ಲಿ, ಈಗಿನ ಛತ್ತೀಸಗಢದ ಧಮ್ತರಿಯಲ್ಲಿ ಮಿಷನ್ ಶುರುಮಾಡಿದರು. ಅವರ ಇನ್ನೊಂದು ಶಾಖೆ, ಮೆನೊನೈಟ್ ಬ್ರೆದ್ರನ್, ನಮಗೆ ಇನ್ನೂ ಹತ್ತಿರ. ರಾಯಚೂರಿನಿಂದ ಕೃಷ್ಣೆ ದಾಟಿ ಮಹಬೂಬ್‌ನಗರದ ಕಡೆ ಹೋದರೆ ಅವರ ಸಭೆಗಳು ಸಿಗುತ್ತವೆ. ತೆಲುಗಿನಲ್ಲಿ ಹಾಡುವ ಆ ಸಭೆಗಳ ಬೇರು ಝೋಲಿಕೋನ್‌ನ ಆ ಸೌಟಿನ ಕಾಲಕ್ಕೆ ಮುಟ್ಟುತ್ತದೆ.

ಬೆಂಡರ್ ಓದಿದ್ದು ಇಂಡಿಯಾನಾದ ಗೋಷನ್ ಎಂಬ ಸಣ್ಣ ಊರಿನ ಮೆನೊನೈಟ್ ಕಾಲೇಜಿನಲ್ಲಿ, ಆಮೇಲೆ ಪ್ರಿನ್ಸ್‌ಟನ್‌ನಲ್ಲಿ, ಆಮೇಲೆ ಜರ್ಮನಿಯ ಟ್ಯೂಬಿಂಗನ್‌ನಲ್ಲಿ. ಆಗ ಗೋಷನ್ ಕಾಲೇಜು ಒಳಜಗಳಕ್ಕೆ ಸಿಕ್ಕಿತ್ತು. ಸಭೆಯ ಹಿರಿಯರಿಗೆ ಕಾಲೇಜಿನವರು ಜಾಸ್ತಿ ಮಾಡರ್ನ್ ಆಗಿಬಿಟ್ಟರು ಅನ್ನುವ ಅನುಮಾನ. ಜಗಳ ಎಷ್ಟಕ್ಕೆ ಹೋಯಿತೆಂದರೆ 1923-24ರಲ್ಲಿ ಒಂದು ವರ್ಷ ಕಾಲೇಜನ್ನೇ ಮುಚ್ಚಿದರು. 1924ರಲ್ಲಿ ಮತ್ತೆ ತೆರೆದಾಗ 27 ವರ್ಷದ ಬೆಂಡರ್ ಅಲ್ಲಿಗೆ ಇತಿಹಾಸ ಕಲಿಸಲು ಬಂದರು. ಇದನ್ನು ನೆನಪಿಡಿ. ಬೈಬಲ್ ಬಗ್ಗೆ ಬಾಯಿ ತೆರೆದರೆ ಯಾರಾದರೂ ಒಬ್ಬರು ಮುನಿಸಿಕೊಳ್ಳುತ್ತಿದ್ದ ಕಾಲ. ಆದರೆ ಅಜ್ಜಂದಿರ ಬಗ್ಗೆ ಮಾತಾಡಿದರೆ ಎರಡೂ ಕಡೆಯವರು ಕೇಳುತ್ತಿದ್ದರು. ಬೆಂಡರ್ ಇತಿಹಾಸ ಹಿಡಿದದ್ದರಲ್ಲಿ ಆಸಕ್ತಿ ಎಷ್ಟಿತ್ತೋ ಉಪಾಯವೂ ಅಷ್ಟೇ ಇತ್ತು ಎಂದು ನನ್ನ ಅನಿಸಿಕೆ.

ಬಂದವರೇ ಸುಮ್ನೆ ಕೂರಲಿಲ್ಲ. ಅದೇ ವರ್ಷ ಎರ್ನ್ಸ್ಟ್ ಕೊರ್ರೆಲ್ ಎಂಬ ಜರ್ಮನ್ ವಿದ್ವಾಂಸರ ಜೊತೆ ಸೇರಿ ಮೆನೊನೈಟ್ ಇತಿಹಾಸ ಸಂಘ ಕಟ್ಟಿದರು. 1927ರ ಜನವರಿಯಿಂದ 'ಮೆನೊನೈಟ್ ಕ್ವಾರ್ಟರ್ಲಿ ರಿವ್ಯೂ' ಎಂಬ ತ್ರೈಮಾಸಿಕ ಶುರುವಾಯಿತು. ಸಾಯುವವರೆಗೆ ಅದರ ಸಂಪಾದಕರು ಅವರೇ. ಅಟ್ಟದ ಮೇಲೆ, ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಳೆಯ ಜರ್ಮನ್ ಪುಸ್ತಕಗಳನ್ನು ಕೂಡಿಸಿ ಕಾಲೇಜಿನಲ್ಲಿ ಒಂದು ಗ್ರಂಥಾಲಯ ಮಾಡಿದರು.

ಅವರ ಹೆಂಡತಿ ಎಲಿಜಬೆತ್ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಜಾನ್ ಹಾರ್ಶ್ ಎಂಬ, ಬವೇರಿಯಾದಿಂದ ವಲಸೆ ಬಂದ ಮೆನೊನೈಟ್ ಇತಿಹಾಸಕಾರರ ಮಗಳು. ಜರ್ಮನ್ ಆಕೆಗೆ ಮನೆಮಾತು. ಮುಂದೆ ಬಂದ ಮೆನೊನೈಟ್ ವಿಶ್ವಕೋಶಕ್ಕಾಗಿ ಜರ್ಮನ್‌ನಿಂದ ಅನುವಾದಿಸಿ ತಿದ್ದಿದ ಲೇಖನಗಳಿಗೆ ಲೆಕ್ಕವಿಲ್ಲ. ಬೆಂಡರ್ ಹೆಸರಿನಲ್ಲಿ ಹೊಗಳಿಸಿಕೊಳ್ಳುವ ಕೆಲಸದಲ್ಲಿ ಆಕೆಯ ಪಾಲು ದೊಡ್ಡದು. ಆ ಕಾಲದ ಬಹಳಷ್ಟು ವಿದ್ವಾಂಸರ ಮನೆಯ ಕಥೆಯೂ ಇದೇ, ಇಲ್ಲಾದರೂ ಅಲ್ಲಾದರೂ.

ಸಂಶೋಧನೆ ನಡೆಯುತ್ತಿದ್ದದ್ದು ಬೇರೆ ಕೆಲಸಗಳ ಸಂದಿಯಲ್ಲಿ. 1930ರಲ್ಲಿ ರಷ್ಯಾದಿಂದ ಓಡಿಬಂದ ಮೆನೊನೈಟ್ ನಿರಾಶ್ರಿತರು ಜರ್ಮನಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಅವರನ್ನು ದಕ್ಷಿಣ ಅಮೆರಿಕದ ಪರಾಗ್ವೆಗೆ ಸಾಗಿಸುವ ಏರ್ಪಾಟಿಗೆ ಬೆಂಡರ್ ಹೋದರು. ನಡುವೆಯೇ ಹೈಡಲ್‌ಬರ್ಗ್‌ನಲ್ಲಿ ಗ್ರೇಬೆಲ್ ಬಗ್ಗೆ ಡಾಕ್ಟರೇಟ್ ಮಾಡಿದರು, 1935ರಲ್ಲಿ ಮುಗಿಯಿತು. ಅದು ಪುಸ್ತಕವಾಗಿ ಬರುವ ಹೊತ್ತಿಗೆ 1950. ಹದಿನೈದು ವರ್ಷ! ನಿಮ್ಮ ಪ್ರಬಂಧ ಒಂದು ತಿಂಗಳು ತಡವಾದರೆ ಈ ಉದಾಹರಣೆ ಇಟ್ಟುಕೊಳ್ಳಿ.

1938ರಲ್ಲಿ ಹಿಟ್ಲರ್ ವಿಯೆನ್ನಾ ಹಿಡಿದ. ಅಲ್ಲಿ ಹುಟೆರೈಟರ ಕೈಬರಹಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದ ರಾಬರ್ಟ್ ಫ್ರೀಡ್‌ಮನ್ ಯಹೂದಿ ಮನೆತನದವರು. ದೇಶ ಬಿಟ್ಟು ಓಡಬೇಕಾಯಿತು. ಬೆಂಡರ್ ಅವರನ್ನು ಗೋಷನ್‌ಗೆ ಕರೆಸಿಕೊಂಡರು. ನಾನೂರು ವರ್ಷದ ಹಿಂದೆ ಅದೇ ಆಸ್ಟ್ರಿಯಾದಿಂದ ಓಡಿದವರ ಪುಸ್ತಕಗಳನ್ನು ಓದುತ್ತಿದ್ದ ಮನುಷ್ಯ ಈಗ ತಾನೇ ಓಡಿಬಂದು, ಅದೇ ಚಳವಳಿಯ ಮೊಮ್ಮಕ್ಕಳ ಊರಿನಲ್ಲಿ ಕೂತು ಅವೇ ಪುಸ್ತಕಗಳ ಬಗ್ಗೆ ಬರೆದರು.

ಈಗ ನಿಮ್ಮ ತಲೆನೋವಿನ ಮೂಲಕ್ಕೆ ಬರೋಣ. 1943ರಲ್ಲಿ ಬೆಂಡರ್ ಅಮೆರಿಕದ ಚರ್ಚ್ ಇತಿಹಾಸ ಸೊಸೈಟಿಯ ಅಧ್ಯಕ್ಷರಾಗಿದ್ದರು. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಅಧ್ಯಕ್ಷ ಭಾಷಣ ಮಾಡಿದರು. ಅದೇ 'ಅನಾಬ್ಯಾಪ್ಟಿಸ್ಟ್ ವಿಷನ್'. 1944ರಲ್ಲಿ ಅಚ್ಚಾಯಿತು. ವಾದ ಸರಳ. ನಿಜವಾದ ಅನಾಬ್ಯಾಪ್ಟಿಸಂ ಹುಟ್ಟಿದ್ದು ಜೂರಿಕ್‌ನಲ್ಲಿ, ಗ್ರೇಬೆಲ್ ಗುಂಪಿನಲ್ಲಿ. ಅದರ ತಿರುಳು ಮೂರು: ಕ್ರಿಸ್ತನನ್ನು ನಂಬಿದರೆ ಸಾಲದು, ಅವನ ಹಿಂದೆ ನಡೆಯಬೇಕು, ಸಭೆ ಅಂದರೆ ತಾವಾಗಿ ಸೇರಿದ ಅಣ್ಣತಮ್ಮಂದಿರ ಕೂಟ, ಯಾರ ಮೇಲೂ ಕತ್ತಿ ಎತ್ತಬಾರದು. ಮ್ಯುನ್‌ಟ್ಸರ್, ರೈತ ದಂಗೆ, ಮ್ಯೂನ್‌ಸ್ಟರ್ ಇವೆಲ್ಲ ಬೇರೆ ಗಿಡ, ಇದೇ ಗಿಡದ ಹುಳುಕು ಹಣ್ಣಲ್ಲ.

ಈ ಭಾಷಣ ಯಾವ ವರ್ಷದ್ದು ನೋಡಿ. ಎರಡನೇ ಮಹಾಯುದ್ಧ ಜೋರಾಗಿತ್ತು. ಅಮೆರಿಕದಲ್ಲಿ ಬಂದೂಕು ಹಿಡಿಯಲೊಪ್ಪದ ಸುಮಾರು 12,000 ಯುವಕರು ಸೇನೆಯ ಬದಲು ನಾಗರಿಕ ಸೇವೆಯ ಶಿಬಿರಗಳಲ್ಲಿ ಕೆಲಸ ಮಾಡಿದರು. ಮರ ನೆಟ್ಟರು, ಕಾಡ್ಗಿಚ್ಚು ಆರಿಸಿದರು, ಮನೋರೋಗಿಗಳ ಆಸ್ಪತ್ರೆಯಲ್ಲಿ ನೆಲ ಒರೆಸಿದರು. ಅದರಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಮೆನೊನೈಟರು. ಆ ಏರ್ಪಾಟಿನಲ್ಲಿ ಬೆಂಡರ್ ಕೂಡ ಓಡಾಡಿದವರು. ಇನ್ನೊಂದು ಮುಖವೂ ಇತ್ತು. ಸೇನೆಗೆ ಕರೆ ಬಂದ ಮೆನೊನೈಟ್ ಹುಡುಗರಲ್ಲಿ ಶೇ. 40ರಷ್ಟು ಮಂದಿ ಬಂದೂಕು ಹಿಡಿದೇ ಹೋದರು. ಹಾಗಾಗಿ ಬೆಂಡರ್ ಎದುರು ಇಬ್ಬರು ಕೇಳುಗರಿದ್ದರು. ನೀವು ಪಂಜರದವರ ಮೊಮ್ಮಕ್ಕಳಲ್ಲವಾ ಎಂದು ನೋಡುವ ಹೊರಗಿನ ವಿದ್ವಾಂಸರು ಒಂದು ಕಡೆ. ನಾವು ಯಾಕೆ ಯುದ್ಧಕ್ಕೆ ಹೋಗಬಾರದು ಎಂದು ಕೇಳುವ ಮನೆಯ ಹುಡುಗರು ಇನ್ನೊಂದು ಕಡೆ. ಒಂದೇ ಭಾಷಣದಲ್ಲಿ ಇಬ್ಬರಿಗೂ ಉತ್ತರ ಕೊಟ್ಟರು. ನೀವು ಕೇಳಿದ 'ಪ್ರಚಾರಕ' ಇಲ್ಲಿದ್ದಾರೆ, ಅಡಗಿಯೂ ಇಲ್ಲ.

ಆದರೆ ಅವರ ಕೈಯಲ್ಲಿ ಸಾಕ್ಷ್ಯ ಇರಲಿಲ್ಲವೇ? ಇತ್ತು. ಅದರಲ್ಲಿ ಒಂದನ್ನು ಹತ್ತಿರದಿಂದ ನೋಡಿ. 1524ರ ಸೆಪ್ಟೆಂಬರ್ 5ರಂದು, ಅಂದರೆ ಮೊದಲ ದೀಕ್ಷಾಸ್ನಾನಕ್ಕೆ ನಾಲ್ಕು ತಿಂಗಳ ಮುಂಚೆ, ಗ್ರೇಬೆಲ್ ಮತ್ತು ಗೆಳೆಯರು ಮ್ಯುನ್‌ಟ್ಸರ್‌ಗೆ ಒಂದು ಪತ್ರ ಬರೆದರು. ಅದು ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್‌ನ ಗ್ರಂಥಾಲಯದಲ್ಲಿ ಉಳಿದಿದೆ. ಮೂಲ ಪ್ರತಿಯೇ ಅಲ್ಲಿರುವುದರಿಂದ ಮ್ಯುನ್‌ಟ್ಸರ್ ಕೈಗೆ ಅದು ತಲುಪಲೇ ಇಲ್ಲ ಅಂತ ಎಲ್ಲರ ಲೆಕ್ಕ. ನಿಜವಾದ ಭಕ್ತರು ತೋಳಗಳ ನಡುವಿನ ಕುರಿಗಳು, ಅವರು ಲೋಕದ ಕತ್ತಿಯನ್ನೂ ಯುದ್ಧವನ್ನೂ ಬಳಸುವುದಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಇದೆ. ಕೆಳಗೆ ಇನ್ನೊಂದು ಟಿಪ್ಪಣಿ ಸೇರಿಸಿದ್ದಾರೆ. ಅರಸರ ಮೇಲೆ ಕೈಮಾಡಬೇಕು ಎಂದು ನೀನು ಬೋಧಿಸಿದೆಯಂತೆ, ನಿಜವಾ ಅಂತ ಕೇಳುತ್ತಾರೆ. ಬೆಂಡರ್ ಇದನ್ನು ಹಿಡಿದು, ನೋಡಿ, ಮೊದಲ ದಿನದಿಂದಲೇ ಇವರು ಅಹಿಂಸೆಯವರು, ಮ್ಯುನ್‌ಟ್ಸರ್‌ನಿಂದ ದೂರದವರು ಅಂದರು.

ಈಗ ಅದೇ ಕಾಗದವನ್ನು ಇನ್ನೊಬ್ಬರ ಕಣ್ಣಿನಿಂದ ಓದಿ. ಪತ್ರ ಮ್ಯುನ್‌ಟ್ಸರ್‌ನನ್ನು ಪ್ರೀತಿಯ ಸಹೋದರ ಎಂದು ಕರೆಯುತ್ತದೆ. ನಿನ್ನ ಪುಸ್ತಕಗಳನ್ನು ಓದಿ ಸಂತೋಷವಾಯಿತು ಅನ್ನುತ್ತದೆ. ಲೂಥರ್‌ಗಿಂತ ಇವನೇ ನಮಗೆ ಹತ್ತಿರ ಎಂಬ ಧಾಟಿ ಇದೆ. ಅಷ್ಟು ದೂರದವರಾಗಿದ್ದರೆ ಹೀಗೆ ಯಾಕೆ ಬರೆಯುತ್ತಾರೆ? ಕಾಗದ ಒಂದೇ. ಬೆಂಡರ್ ಬೆರಳು ಒಂದು ಸಾಲಿನ ಮೇಲಿತ್ತು, ಮುಂದೆ ಬಂದವರ ಬೆರಳು ಇನ್ನೊಂದು ಸಾಲಿನ ಮೇಲೆ ಹೋಯಿತು. ನನ್ನ ಮಟ್ಟಿಗೆ ಎರಡೂ ಸಾಲು ನಿಜ. ಜಗಳ ಆಡುವಷ್ಟು ಹತ್ತಿರದವರಿಗೆ ಮಾತ್ರ ಯಾರಾದರೂ ಅಂಥ ಪತ್ರ ಬರೆಯುತ್ತಾರೆ.

ಮೊದಲ ಏಟು ಬಿದ್ದದ್ದು ಮನೆಯೊಳಗಿಂದಲೇ. 1952ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಏಳು ಜನ ಅಮೆರಿಕನ್ ಮೆನೊನೈಟ್ ಯುವಕರು ಸೇರಿದರು. ಯುದ್ಧದ ನಂತರ ಯುರೋಪಿನಲ್ಲಿ ಪರಿಹಾರ ಕೆಲಸಕ್ಕೋ ಓದಿಗೋ ಹೋದವರು, ಬೆಂಡರ್ ಗರಡಿಯ ಹುಡುಗರೂ ಅವರಲ್ಲಿದ್ದರು. ಅವರು ಕೇಳಿದ್ದು ಇದು: ಸಭೆ ಅಂದರೆ ಅಣ್ಣತಮ್ಮಂದಿರ ಕೂಟ ಅಂತ ನೀವೇ ಕಲಿಸಿದ್ದು. ಹಾಗಾದರೆ ಈ ಮಂಡಳಿ, ಸಮಿತಿ, ಡೀನ್, ಅಧ್ಯಕ್ಷ ಎಲ್ಲ ಯಾಕೆ? ಪ್ರಶ್ನೆ ನೇರ ಬೆಂಡರ್‌ಗೇ ತಾಗುತ್ತಿತ್ತು, ಯಾಕೆಂದರೆ ಆ ವರ್ಷಗಳಲ್ಲಿ ಅವರು ಗೋಷನ್ ಸೆಮಿನರಿಯ ಡೀನ್, ಮೆನೊನೈಟ್ ವಿಶ್ವ ಸಮ್ಮೇಳನದ ಅಧ್ಯಕ್ಷ, ಇನ್ನೂ ಹತ್ತು ಸಮಿತಿಗಳಲ್ಲಿ ಸದಸ್ಯ. ಅವರಿಗೆ ಇದು ಹಿಡಿಸಲಿಲ್ಲ. ಯಾವ ಮೇಷ್ಟ್ರಿಗೆ ಹಿಡಿಸುತ್ತದೆ?

ಬೆಂಡರ್ 1962ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ದೊಡ್ಡ ಏಟು ಬಿದ್ದದ್ದು ಹತ್ತು ವರ್ಷದ ನಂತರ, ಹೊರಗಿನವರಿಂದ. 1972ರಲ್ಲಿ ಎರಡು ಪುಸ್ತಕ ಬಂದವು. ಕ್ಯಾಲಿಫೋರ್ನಿಯಾದ ಕ್ಲಾಸ್-ಪೀಟರ್ ಕ್ಲಾಸನ್ ದಾಖಲೆಗಳಿಂದ ತಲೆ ಎಣಿಸಿದರು. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ದಕ್ಷಿಣ ಮತ್ತು ಮಧ್ಯ ಜರ್ಮನಿ ಸೇರಿ 1525ರಿಂದ 1618ರವರೆಗೆ ಖಚಿತವಾದದ್ದು, ಸಂಭವನೀಯವಾದದ್ದು ಎಲ್ಲ ಕೂಡಿಸಿದರೆ 845 ಮರಣದಂಡನೆ. ಸಾವಿರ ಸಾವಿರ ಎಂದು ಹೇಳಿಕೊಂಡು ಬಂದವರಿಗೆ ಇದು ಕಹಿ. ಚಳವಳಿಯೇ ಸಣ್ಣದಾಗಿತ್ತು ಅನ್ನುವುದು ಅವರ ತೀರ್ಮಾನ. ಇನ್ನೊಂದು ಪುಸ್ತಕ, ಕೆನಡಾದ ಕಿಂಗ್‌ಸ್ಟನ್‌ನಲ್ಲಿ ಕಲಿಸುತ್ತಿದ್ದ ಜೇಮ್ಸ್ ಸ್ಟೇಯರ್ ಅವರದ್ದು. ಅವರು ಕೇಳಿದ್ದು ಒಂದೇ ಪ್ರಶ್ನೆ: ಕತ್ತಿಯ ಬಗ್ಗೆ ಯಾರು, ಯಾವಾಗ, ಏನು ಹೇಳಿದರು? ಉತ್ತರ ಒಂದಾಗಿರಲಿಲ್ಲ. 1525ರ ಈಸ್ಟರ್‌ನಲ್ಲಿ ವಾಲ್ಡ್‌ಶುಟ್ ಪಟ್ಟಣದಲ್ಲಿ ಬಾಲ್ತಸಾರ್ ಹುಬ್‌ಮಾಯರ್ ಹಾಲಿನ ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ಸುಮಾರು 300 ಜನಕ್ಕೆ ದೀಕ್ಷಾಸ್ನಾನ ಕೊಟ್ಟ. ಅದೇ ಪಟ್ಟಣ ಆಗ ದಂಗೆ ಎದ್ದ ರೈತರ ಜೊತೆ ಕೈಜೋಡಿಸಿತ್ತು. ಸರ್ಕಾರ ಕತ್ತಿ ಹಿಡಿಯುವುದು ಸರಿ ಎಂದು ಹುಬ್‌ಮಾಯರ್ ಮುಂದೆ ಪುಸ್ತಕವನ್ನೇ ಬರೆದ. 1528ರಲ್ಲಿ ವಿಯೆನ್ನಾದಲ್ಲಿ ಅವನನ್ನು ಸುಟ್ಟರು, ಮೂರು ದಿನದ ನಂತರ ಅವನ ಹೆಂಡತಿಯನ್ನು ಡ್ಯಾನ್ಯೂಬ್‌ನಲ್ಲಿ ಮುಳುಗಿಸಿದರು. ಬೆಂಡರ್ ಅಳತೆಗೋಲು ಹಿಡಿದರೆ ಈ ಮನುಷ್ಯ ಅನಾಬ್ಯಾಪ್ಟಿಸ್ಟ್ ಹೌದಾ, ಅಲ್ಲವಾ?

ಅಳತೆಗೋಲು ಮೊದಲು ಮಾಡಿಕೊಂಡು ಆಮೇಲೆ ಜನರನ್ನು ಅಳೆದದ್ದೇ ಬೆಂಡರ್ ಎಡವಿದ ಜಾಗ. ಗೋಲಿಗೆ ಸರಿಹೊಂದದವರನ್ನೆಲ್ಲ 'ನಿಜವಾದವರಲ್ಲ' ಎಂದು ಬದಿಗೆ ಸರಿಸಿದರು. ಅಳತೆಗೋಲು ಚೆನ್ನಾಗಿದೆ, ಬಾಳಲು ಬೇಕಾದರೂ ಬಳಸಿಕೊಳ್ಳಬಹುದು. 1525ರ ಜನರನ್ನು ಅಳೆಯಲು ಮಾತ್ರ ಅದು ಆಗಿಬರುವುದಿಲ್ಲ.

1975ರಲ್ಲಿ ಸ್ಟೇಯರ್, ಅವರ ಶಿಷ್ಯ ವರ್ನರ್ ಪ್ಯಾಕಲ್, ಜರ್ಮನಿಯ ಕ್ಲಾಸ್ ಡೆಪರ್‌ಮನ್ ಮೂವರೂ ಸೇರಿ ಒಂದು ಲೇಖನ ಬರೆದರು. ಚಳವಳಿಗೆ ಹುಟ್ಟೂರು ಒಂದಲ್ಲ, ಕನಿಷ್ಠ ಮೂರು: ಸ್ವಿಟ್ಜರ್ಲೆಂಡ್, ದಕ್ಷಿಣ ಜರ್ಮನಿ ಮತ್ತು ಆಸ್ಟ್ರಿಯಾ, ಆಮೇಲೆ ಉತ್ತರ ಜರ್ಮನಿ ಮತ್ತು ನೆದರ್‌ಲ್ಯಾಂಡ್ಸ್. ಮೂರೂ ಬೇರೆ ಬೇರೆ ಮಣ್ಣಿನಲ್ಲಿ ಬೆಳೆದವು. ಉತ್ತರದ ಕವಲನ್ನು ಹೊತ್ತುಕೊಂಡು ಹೋದವನು ಮೆಲ್ಖಿಯೊರ್ ಹಾಫ್‌ಮನ್, ತುಪ್ಪಳದ ಚರ್ಮ ಹದಮಾಡುವ ಕಸುಬಿನವನು. ಅವನು 1530ರಲ್ಲಿ ಪೂರ್ವ ಫ್ರೀಸ್‌ಲ್ಯಾಂಡಿನ ಎಮ್ಡೆನ್‌ನಲ್ಲಿ 300 ಜನಕ್ಕೆ ದೀಕ್ಷಾಸ್ನಾನ ಕೊಟ್ಟ. ಅಂದಹಾಗೆ ನಮ್ಮ ನಿಘಂಟಿನ ಕಿಟೆಲ್ ಹುಟ್ಟಿದ್ದು ಅದೇ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ, ಮುನ್ನೂರು ವರ್ಷದ ನಂತರ. ಕಿಟೆಲ್ ತಂದೆ ಲೂಥರನ್ ಪಾದ್ರಿ, ಹಾಗಾಗಿ ಸಂಬಂಧ ಊರಿನದ್ದು ಮಾತ್ರ.

ಆ 1975ರ ಲೇಖನ ಎಲ್ಲಿ ಅಚ್ಚಾಯಿತು ಗೊತ್ತಾ? 'ಮೆನೊನೈಟ್ ಕ್ವಾರ್ಟರ್ಲಿ ರಿವ್ಯೂ'ನಲ್ಲಿ. ಬೆಂಡರ್ ತಾವೇ ಹುಟ್ಟುಹಾಕಿ 35 ವರ್ಷ ನಡೆಸಿದ ಪತ್ರಿಕೆ. ಪ್ಯಾಕಲ್ ಮುಂದೆ ಕೆಲಸ ಮಾಡಿದ್ದು ವಾಟರ್‌ಲೂನ ಕೊನ್ರಾಡ್ ಗ್ರೇಬೆಲ್ ಕಾಲೇಜಿನಲ್ಲಿ. ಬೆಂಡರ್‌ರ ನಾಯಕನ ಹೆಸರಿನ ಕಾಲೇಜು. ನಿಮ್ಮ 'ಇತಿಹಾಸಕಾರರಾ, ಪ್ರಚಾರಕರಾ' ಪ್ರಶ್ನೆಗೆ ನಾನು ಕೊಡುವ ಉತ್ತರ ಇಲ್ಲಿದೆ. ಬರೀ ಪ್ರಚಾರಕನಾಗಿದ್ದರೆ ಅವರು ಭಾಷಣ ಮಾಡಿ ಸುಮ್ಮನಾಗುತ್ತಿದ್ದರು. ಅವರು ಪತ್ರಿಕೆ, ಗ್ರಂಥಾಲಯ, ದಾಖಲೆಗಳ ಅನುವಾದ, 1955ರಿಂದ 1959ರವರೆಗೆ ನಾಲ್ಕು ಸಂಪುಟದ ವಿಶ್ವಕೋಶ, ಇಷ್ಟನ್ನೂ ಕಟ್ಟಿಟ್ಟರು. ಅವರ ವಾದವನ್ನು ಬೀಳಿಸಿದವರು ಕೂತು ಬರೆದದ್ದು ಬಹುಪಾಲು ಅವರೇ ಹಾಕಿಸಿದ ಮೇಜಿನ ಮೇಲೆ.

ಪೂರ್ತಿ ಬಿದ್ದುಹೋಯಿತು ಅಂತಲೂ ತಿಳಿಯಬೇಡಿ. 1990ರ ದಶಕದಲ್ಲಿ ಆರ್ನಲ್ಡ್ ಸ್ನೈಡರ್ ಎಂಬ ಇತಿಹಾಸಕಾರ, ಬೇರು ಹಲವಾದರೂ ಅವರೆಲ್ಲರ ನಂಬಿಕೆಯಲ್ಲಿ ಒಂದು ಸಮಾನ ತಿರುಳಿತ್ತು ಅಂದರು. 2003ರಲ್ಲಿ ಜರ್ಮನಿಯ ಆಂಡ್ರಿಯಾ ಸ್ಟ್ರೂಬಿಂಡ್, ಜೂರಿಕ್‌ನ ಗುಂಪನ್ನು ಬರೀ ಸಾಮಾಜಿಕ ದಂಗೆಯಾಗಿ ನೋಡುವುದು ತಪ್ಪು, ಅವರಿಗೆ ಧರ್ಮದ ಪ್ರಶ್ನೆಯೇ ಮುಖ್ಯವಾಗಿತ್ತು ಎಂದು ಸ್ಟೇಯರ್ ಪಾಳಯದ ಮೇಲೆಯೇ ತಿರುಗಿಬಿದ್ದರು. ಲೋಲಕ ಇನ್ನೂ ಆಡುತ್ತಿದೆ. ಹೆಂಗಸರ ಕಡೆ ಮಾತ್ರ ಎಲ್ಲರೂ ತಡವಾಗಿ ನೋಡಿದರು. ಬೆಂಡರ್ ನೋಡಲಿಲ್ಲ, ಆರಂಭದಲ್ಲಿ ಸ್ಟೇಯರ್ ಪೀಳಿಗೆಯೂ ನೋಡಲಿಲ್ಲ. ವಿಚಾರಣೆಯ ಕಡತಗಳಲ್ಲಿ ಮಾತ್ರ ಹೆಂಗಸರ ಮಾತು ಮೊದಲಿನಿಂದಲೂ ಇತ್ತು.

ಪ್ರಬಂಧಕ್ಕೆ ಇದನ್ನು ಮಾಡಿ. ಮೊದಲು 1944ರಲ್ಲಿ ಅಚ್ಚಾದ ಆ ಭಾಷಣ ಓದಿ, ಒಂದು ಸಂಜೆಯ ಕೆಲಸ. ಮರುದಿನವೇ 1975ರ ಲೇಖನ ಓದಿ. ನಡುವೆ ಬೇರೆ ಯಾರದ್ದೂ ಬೇಡ. ಹೆಸರು, ಊರು, ತಾರೀಖು ಗೊಂದಲವಾದರೆ ಆ ವಿಶ್ವಕೋಶ ಈಗ ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ, ಗ್ಯಾಮಿಯೊ ಎಂಬ ಹೆಸರಿನಲ್ಲಿ. ಹಳೆಯ ಲೇಖನಗಳ ಕೆಳಗೆ ಯಾರು ಬರೆದದ್ದು ಎಂದು ನೋಡುತ್ತಾ ಹೋಗಿ, ಬೆಂಡರ್ ಹೆಸರು ನಿಮಗೆ ಸಾಕುಸಾಕಾಗುವಷ್ಟು ಸಿಗುತ್ತದೆ. ಗ್ರೇಬೆಲ್ ಪತ್ರದ ಇಂಗ್ಲಿಷ್ ಅನುವಾದಗಳಿವೆ. ಅದನ್ನು ಎರಡು ಬಣ್ಣದ ಪೆನ್ಸಿಲ್ ಹಿಡಿದು ಓದಿ, ಒಂದು ಬೆಂಡರ್‌ಗೆ, ಒಂದು ಸ್ಟೇಯರ್‌ಗೆ.

ಮುಂದೆ ಇದರಲ್ಲೇ ಪಿಎಚ್‌ಡಿ ಮಾಡುವ ಹುಚ್ಚು ಹತ್ತಿದರೆ ಜರ್ಮನ್ ಕಲಿಯಲೇಬೇಕು. ಉತ್ತರದ ಕವಲು ಬೇಕಾದರೆ ಡಚ್ ಕೂಡ. ಆ ಮೇಲೆ ಕೈಬರಹ. ಧಾರವಾಡದವರಾದ್ದರಿಂದ ಮೋಡಿ ಲಿಪಿಯ ಹಳೆಯ ಕಾಗದ ಎಲ್ಲಾದರೂ ನೋಡಿರುತ್ತೀರಿ. ಅಕ್ಷರಕ್ಕೆ ಅಕ್ಷರ ಅಂಟಿಕೊಂಡು, ಗುಮಾಸ್ತನ ಅವಸರವೆಲ್ಲ ಕಾಗದದ ಮೇಲೆ ಹರಿದಿರುತ್ತದಲ್ಲ, 16ನೇ ಶತಮಾನದ ಜರ್ಮನ್ ಕಡತವೂ ಹಾಗೇ. ನಾನು ಮೊದಲ ಸಲ ಅಂಥದ್ದೊಂದು ಪುಟದ ಮುಂದೆ ಕೂತಾಗ ಅರ್ಧ ದಿನಕ್ಕೆ ನಾಲ್ಕು ಸಾಲು ಬಿಡಿಸಿದೆ, ಅದರಲ್ಲೂ ಒಂದು ಸಾಲು ತಪ್ಪು. ಜೂರಿಕ್‌ನ ಅನಾಬ್ಯಾಪ್ಟಿಸ್ಟ್ ದಾಖಲೆಗಳು 1952ರಲ್ಲೇ ಅಚ್ಚಾಗಿವೆ, ಹಾಗಾಗಿ ಮೊದಲ ವರ್ಷ ನಿಮಗೆ ಈ ಕಷ್ಟ ಬರುವುದಿಲ್ಲ. ಆ ಸಂಪುಟದಲ್ಲಿ 1525ರ ಶುರುವಿನ ಝೋಲಿಕೋನ್ ರೈತರ ಹೇಳಿಕೆಗಳನ್ನು ತೆರೆಯಿರಿ. ಸೌಟು ಅಲ್ಲೇ ಇದೆ.